ಬೆಳಗಿನ ಜಾವ 402 ಮೆಗಾಹರ್ಟ್ಜ್ ಹತ್ತಿರ ಬಂದು ಹೋಗುವ ಸಿಗ್ನಲ್ ಯಾವುದು?

ಮಾಳಿಗೆಮೇಲೆ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ದೀಪಾವಳಿ ಹೊತ್ತಿಗೆ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪಿಗೆ ಚುಚ್ಚುವ ಸಣ್ಣ ರೇಡಿಯೋ ರಿಸೀವರ್) ತರಿಸಿದೆ. ಜೊತೆಗೆ ಬಂದ ಎರಡು ಕೋಲಿನ ಆಂಟೆನಾವನ್ನು ಮಾಳಿಗೆ ಮೇಲೆ ಸಿಂಟೆಕ್ಸ್ ಪಕ್ಕದ ಪೈಪಿಗೆ ಕಟ್ಟಿದ್ದೇನೆ. ಎಫ್‌ಎಂ ಕೇಳಿದ್ದಾಯಿತು, 1090 ಮೆಗಾಹರ್ಟ್ಜ್‌ನಲ್ಲಿ ದೇವನಹಳ್ಳಿಗೆ ಇಳಿಯುವ ವಿಮಾನಗಳ ಚುಕ್ಕಿ ನೋಡಿದ್ದಾಯಿತು. ಈಗ ವಾಟರ್‌ಫಾಲ್‌ನಲ್ಲಿ (ಯಾವ ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಇದೆ ಅಂತ ಗೆರೆಗಳಲ್ಲಿ ತೋರಿಸುವ ಪರದೆ) ಕಾಣುವ, ಹೆಸರು ಗೊತ್ತಿಲ್ಲದ ಗೆರೆಗಳ ಹಿಂದೆ ಬಿದ್ದಿದ್ದೇನೆ. ಅಂಗಡಿಗೆ ಬಂದ ಗಿರಾಕಿಗಳು "ಏನ್ರೀ ಇದು, ಯಾರದಾದ್ರೂ ಇಸಿಜಿನಾ?" ಅಂತ ಕೇಳುತ್ತಾರೆ.

ಮುಖ್ಯವಾದ ಪ್ರಶ್ನೆ ಇದು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಲ್ಯಾಪ್‌ಟಾಪ್ ತೆರೆದರೆ 402 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಒಂದು ಸಿಗ್ನಲ್ ಇರುತ್ತದೆ. ಐದು ಗಂಟೆ ಸುಮಾರಿಗೆ ತೆಳ್ಳಗೆ ಶುರುವಾಗಿ ಆಮೇಲೆ ಜೋರಾಗುತ್ತದೆ. ಮಾತಿಲ್ಲ, ಹಾಡಿಲ್ಲ. ಸುಮ್ನೆ ಜರ್ರ್, ಜರ್ರ್ ಅಂತ ಒಂದೇ ತಾಳದಲ್ಲಿ ಸದ್ದು. ಒಂದೂವರೆ ಗಂಟೆಗೂ ಜಾಸ್ತಿ ಇರುತ್ತದೆ. ಗೆರೆ ನಿಂತಲ್ಲಿ ನಿಲ್ಲುವುದಿಲ್ಲ, ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಜರುಗುತ್ತದೆ. ಕೊನೆಗೆ ಒದ್ದಾಡಿಕೊಂಡು ಮಾಯವಾಗುತ್ತದೆ. ಕೆಲವು ದಿನ ಬರುವುದೇ ಇಲ್ಲ.

ಇದರ ಜೊತೆ ಇನ್ನೂ ಮೂರು ತಲೆ ತಿನ್ನುತ್ತಿವೆ. 144.000ರಲ್ಲಿ ಹಗಲು ರಾತ್ರಿ ಅಲುಗಾಡದ ಒಂದು ಗೆರೆ. 433.92ರಲ್ಲಿ ಚಿಟಿಕೆ ಹೊಡೆದ ಹಾಗೆ ಬಂದು ಹೋಗುವ ಚುಕ್ಕಿಗಳು, ಸಂಜೆ ಹೊತ್ತು ಜಾಸ್ತಿ. ಮತ್ತೆ 630ರ ಹತ್ತಿರ ಅಗಲವಾದ ಒಂದು ಸಿಗ್ನಲ್. ಅದರಲ್ಲಿ ಗುಂಯ್ ಅನ್ನುವ ಸದ್ದು, ಬಲು ಕ್ಷೀಣವಾಗಿ. ಕಾರ್ತಿಕದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಡಿಸೆಂಬರ್ ಮಧ್ಯದಿಂದ ಪೂರ್ತಿ ಮಂಗಮಾಯ. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಮತ್ತೆ ಹಾಜರ್.

ಇವು ಏನು ಅಂತ ಹೇಳಿದರೆ ಸಂತೋಷ. ಅದಕ್ಕಿಂತ ಹೇಗೆ ಪತ್ತೆ ಮಾಡಬೇಕು ಅಂತ ಹೇಳಿಕೊಟ್ಟರೆ ಇನ್ನೂ ಒಳ್ಳೆಯದು.

ಬಂಗಾರಪೇಟೆ ಪ್ಯಾಸೆಂಜರ್

402 ಅಂದರೆ ಮಿಲಿಟರಿಯವರದೇ ಇರಬೇಕು ಗುರು. ಬೆಳಗಿನ ಜಾವ ಇನ್ಯಾರು ಎದ್ದಿರುತ್ತಾರೆ? ಸುಮ್ನೆ ಯಾಕೆ ರಿಸ್ಕು, ಬಿಟ್ಟುಬಿಡಿ.

ಕ್ಯಾತ್ಸಂದ್ರ ತಾತ, ತುಮಕೂರು

ಪ್ಯಾಸೆಂಜರ್ ಅವರೇ, ಗೊತ್ತಿಲ್ಲದ್ದೆಲ್ಲ ಮಿಲಿಟರಿ ಅಂದುಬಿಟ್ಟರೆ ಹುಡುಕುವ ಕೆಲಸವೇ ಇಲ್ಲ! ಬೆಳಗಿನ ಜಾವ ಹಾಲಿನವರು ಎದ್ದಿರುತ್ತಾರೆ, ಹೂವಿನವರು ಎದ್ದಿರುತ್ತಾರೆ, ಹವಾಮಾನ ಇಲಾಖೆಯವರೂ ಎದ್ದಿರುತ್ತಾರೆ.

ಮಾಳಿಗೆಯವರೇ, ನೀವು ಪ್ರಶ್ನೆ ಕೇಳಿರುವ ರೀತಿ ಚೆನ್ನಾಗಿದೆ. ಜಾಸ್ತಿ ಜನ "402.3 ಯಾರದು?" ಅಂತ ನಂಬರ್ ಮಾತ್ರ ಬರೆಯುತ್ತಾರೆ. ನಂಬರ್ ಒಂದರಿಂದ ಏನೂ ಗೊತ್ತಾಗುವುದಿಲ್ಲ. ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು, ಯಾವ ದಿನ ಬರಲಿಲ್ಲ, ಇದನ್ನು ಬರೆದಿಟ್ಟರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ನಾನು ಟೆಲಿಫೋನ್ ಇಲಾಖೆಯಲ್ಲಿ ಇದ್ದವನು. ಲೈನಿನಲ್ಲಿ ಗಲಾಟೆ ಅಂತ ಕಂಪ್ಲೇಂಟ್ ಬಂದರೆ ನಮ್ಮ ಮೊದಲ ಪ್ರಶ್ನೆ "ಯಾವಾಗ?" ಅಂತಲೇ ಇರುತ್ತಿತ್ತು.

ಮೊದಲು 144.000 ಮುಗಿಸೋಣ, ಅದು ಸುಲಭ. ಆಂಟೆನಾ ಪಿನ್ ಕಳಚಿ ನೋಡಿ. ಗೆರೆ ಹಾಗೇ ಇರುತ್ತದೆ. ನಿಮ್ಮ ಡಾಂಗಲ್ ಒಳಗೆ 28.8 ಮೆಗಾಹರ್ಟ್ಜ್‌ನ ಕ್ರಿಸ್ಟಲ್ ಇದೆ. ಅದರ ಫ್ರೀಕ್ವೆನ್ಸಿಯನ್ನು ಎರಡು, ಮೂರು, ನಾಲ್ಕು ಹೀಗೆ ಗುಣಿಸಿದ ಕಡೆಯೆಲ್ಲ ಸುಳ್ಳು ಗೆರೆ ಮೂಡಬಹುದು. 28.8ನ್ನು ಐದರಿಂದ ಗುಣಿಸಿ, 144. ಆರರಿಂದ ಗುಣಿಸಿದರೆ 172.8, ಅಲ್ಲೂ ಒಂದು ಗೆರೆ ಕಾಣಬಹುದು. ಹದಿನೈದರಿಂದ 432. ಹದಿನಾಲ್ಕರಿಂದ ಗುಣಿಸಿದರೆ 403.2. ಇದನ್ನು ಮಾತ್ರ ನೆನಪಿಡಿ, ನಿಮ್ಮ ಬೆಳಗಿನ ಸಿಗ್ನಲ್ ಪಕ್ಕದಲ್ಲೇ ಇದೆ. ಕ್ರಿಸ್ಟಲ್‌ನ ಗೆರೆ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರುತ್ತದೆ, ನಿಮ್ಮದು ನಡೆದಾಡುತ್ತದೆ. ಹಾಗಾಗಿ ಎರಡೂ ಒಂದಲ್ಲ.

ಗೊತ್ತಿಲ್ಲದ ಯಾವ ಗೆರೆ ಕಂಡರೂ ಆಂಟೆನಾ ಕಳಚುವುದೇ ಮೊದಲ ಪರೀಕ್ಷೆ. ಎರಡನೆಯದು ಗೇನ್, ಅಂದರೆ ಡಾಂಗಲ್ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್. ಹತ್ತು ಡೆಸಿಬಲ್ ಇಳಿಸಿ. ನಿಜವಾದ ಸಿಗ್ನಲ್ ಸುಮಾರು ಹತ್ತೇ ಇಳಿಯುತ್ತದೆ. ಇಪ್ಪತ್ತು ಮೂವತ್ತು ಇಳಿದು ನೆಲಕ್ಕೆ ಬಿದ್ದರೆ ಅದು ಡಾಂಗಲ್ ಒಳಗೆ ಎರಡು ಜೋರಾದ ಸ್ಟೇಷನ್‌ಗಳು ಕಲಸಿಕೊಂಡು ಹುಟ್ಟಿದ ದೆವ್ವ. ಎಫ್‌ಎಂ ಸ್ಟೇಷನ್ ಹತ್ತಿರ ಇರುವವರಿಗೆ ಇದರ ಕಾಟ ಜಾಸ್ತಿ. 88ರಿಂದ 108ರವರೆಗೆ ತಡೆಯುವ ಒಂದು ಫಿಲ್ಟರ್ ಹಾಕಿದರೆ ಅರ್ಧ ದೆವ್ವಗಳು ಓಡುತ್ತವೆ. ಆಮೇಲೆ ಮನೆಯ ಮೇನ್ ಸ್ವಿಚ್ ಆರಿಸಿ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡಿಸಿ ನೋಡಿ. ಎಲ್‌ಇಡಿ ಬಲ್ಬು, ಅಗ್ಗದ ಚಾರ್ಜರ್, ಸೋಲಾರ್ ಇನ್ವರ್ಟರ್ ಎಲ್ಲವೂ ಸಣ್ಣ ಟ್ರಾನ್ಸ್‌ಮಿಟರ್‌ಗಳೇ. ನಿಮ್ಮ ಅಂಗಡಿಯಲ್ಲಂತೂ ಚಾರ್ಜರ್‌ಗಳ ಜಾತ್ರೆ ಇರುತ್ತದೆ, ಅಲ್ವಾ?

433.92ಕ್ಕೆ ಆರ್‌ಟಿಎಲ್_433 ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಹಾಕಿ, ಒಂದು ಸಂಜೆ ಬಿಡಿ. ಯಾವ್ಯಾವುದು ಮಾತಾಡುತ್ತಿದೆ ಅಂತ ಅದೇ ಬರೆದುಕೊಳ್ಳುತ್ತದೆ. ಗೇಟಿನ ರಿಮೋಟ್, ಕಾಲಿಂಗ್ ಬೆಲ್, ಕಾರಿನ ಟಯರ್ ಒಳಗಿನ ಪ್ರೆಷರ್ ಸೆನ್ಸರ್, ಇಂಥವೇ ಇರುತ್ತವೆ. ಜನ ಮನೆಗೆ ಬರುವ ಹೊತ್ತು ಸಂಜೆ ತಾನೇ.

ಈಗ ನಿಮ್ಮ 402. ಅದು ಬಲೂನು.

ತಮಾಷೆ ಅಲ್ಲ. ಪ್ರಪಂಚದಾದ್ಯಂತ ಹವಾಮಾನ ಕೇಂದ್ರಗಳು ದಿನಕ್ಕೆ ಎರಡು ಹೊತ್ತು, ಕೆಲವು ಕಡೆ ಒಂದೇ ಹೊತ್ತು, ಹೈಡ್ರೋಜನ್ ಅಥವಾ ಹೀಲಿಯಂ ತುಂಬಿದ ಬಲೂನು ಬಿಡುತ್ತವೆ. ಲೆಕ್ಕದ ಸಮಯ ಗ್ರೀನಿಚ್ ಗಡಿಯಾರದ 0 ಗಂಟೆ ಮತ್ತು 12 ಗಂಟೆ. ನಮಗೆ ಅದು ಬೆಳಿಗ್ಗೆ 5:30 ಮತ್ತು ಸಂಜೆ 5:30. ಮೇಲೇರಲು ಹೊತ್ತು ಬೇಕಲ್ಲ, ಅದಕ್ಕೆ ಸ್ವಲ್ಪ ಮುಂಚೆಯೇ ಬಿಡುತ್ತಾರೆ. ಬಲೂನಿನ ಕೆಳಗೆ ದಾರದಲ್ಲಿ ಒಂದು ಸಣ್ಣ ಡಬ್ಬಿ ನೇತಾಡುತ್ತದೆ, ಹೆಸರು ರೇಡಿಯೋಸಾಂಡ್. ಶಾಖ, ತೇವ, ತಾನು ಎಲ್ಲಿದ್ದೇನೆ ಅನ್ನುವುದನ್ನೆಲ್ಲ ಅಳೆದು ಬಿಡದೆ ಕೆಳಗೆ ಹೇಳುತ್ತಲೇ ಇರುತ್ತದೆ. ನೀವು ಕೇಳಿದ ಜರ್ರ್ ಜರ್ರ್ ಅದೇ. ಇವಕ್ಕಂತಲೇ 400.15ರಿಂದ 406 ಮೆಗಾಹರ್ಟ್ಜ್‌ವರೆಗಿನ ಜಾಗ ಇದೆ. ಬೆಂಗಳೂರಿನಿಂದಲೂ ಬಿಡುತ್ತಾರೆ.

ನೀವು ಹೇಳಿದ ಲಕ್ಷಣ ಒಂದೊಂದೂ ಕೂಡಿಬರುತ್ತದೆ ನೋಡಿ. ಬಲೂನು ಸೆಕೆಂಡಿಗೆ ಸುಮಾರು 5 ಮೀಟರ್ ಏರುತ್ತದೆ. 30 ಕಿಲೋಮೀಟರ್ ಹತ್ತಲು 6000 ಸೆಕೆಂಡ್, ಅಂದರೆ 100 ನಿಮಿಷ. ನಿಮ್ಮ ಒಂದೂವರೆ ಗಂಟೆ ಅಲ್ಲಿ ಬಂತು. ಮೇಲೆ ಗಾಳಿಯ ಒತ್ತಡ ಕಡಿಮೆಯಾದಂತೆ ಬಲೂನು ಉಬ್ಬುತ್ತಾ ಹೋಗಿ ಕೊನೆಗೆ ಒಡೆಯುತ್ತದೆ. ಆಗ ಡಬ್ಬಿ ತಿರುಗಿಕೊಂಡು, ಓಲಾಡಿಕೊಂಡು ಬೀಳುತ್ತದೆ. ನೀವು 'ಒದ್ದಾಡಿಕೊಂಡು' ಅಂತ ಬರೆದಿರಲ್ಲ, ಅದು ಇದು. ಏರುವಾಗ ಹೊರಗೆ ವಿಪರೀತ ಚಳಿ, ಒಳಗಿನ ಬಿಡಿಭಾಗಗಳು ತಣ್ಣಗಾದ ಹಾಗೆ ಫ್ರೀಕ್ವೆನ್ಸಿ ಜರುಗುತ್ತದೆ. ಶುರುವಿನಲ್ಲಿ ತೆಳ್ಳಗಿರುವುದು ಯಾಕೆ ಅಂದರೆ ನಿಮಗೂ ಬೆಂಗಳೂರಿಗೂ ನಡುವೆ ನೆಲ ಅಡ್ಡ ಇದೆ. ಡಬ್ಬಿ 30 ಕಿಲೋಮೀಟರ್ ಎತ್ತರದಲ್ಲಿದ್ದಾಗ ಸುತ್ತ 600 ಕಿಲೋಮೀಟರ್‌ಗೂ ಜಾಸ್ತಿ ದೂರ ಅದಕ್ಕೆ ನೇರ ಕಾಣಿಸುತ್ತದೆ. ಆದ್ದರಿಂದಲೇ ಅಷ್ಟು ಸಣ್ಣ ಟ್ರಾನ್ಸ್‌ಮಿಟರ್ ನಿಮ್ಮ ಸಿಂಟೆಕ್ಸ್ ಪಕ್ಕ ಅಷ್ಟು ಜೋರಾಗಿ ಕೇಳುವುದು.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಆಂಟೆನಾದ ಒಂದೊಂದು ಕೋಲನ್ನೂ ಸುಮಾರು 18 ಸೆಂಟಿಮೀಟರ್‌ಗೆ ಇಳಿಸಿ, ಒಂದು ಮೇಲಕ್ಕೆ ಒಂದು ಕೆಳಕ್ಕೆ ಇರುವ ಹಾಗೆ ನಿಲ್ಲಿಸಿ. ಬೆಳಿಗ್ಗೆ ಸಿಗ್ನಲ್ ಶುರುವಾದ ತಕ್ಷಣ ಆಂಟೆನಾ ಕೈಯಲ್ಲಿ ಹಿಡಿದು ಎದೆಗೆ ಹತ್ತಿರ ಇಟ್ಟುಕೊಂಡು ನಿಂತಲ್ಲೇ ಸುತ್ತಿ. ನಿಮ್ಮ ಮೈ ಅಡ್ಡ ಬಂದಾಗ ಸಿಗ್ನಲ್ ಕುಗ್ಗುತ್ತದೆ. ಅತಿ ಕಡಿಮೆಯಾದಾಗ ಅದು ನಿಮ್ಮ ಬೆನ್ನ ಹಿಂದೆ ಇದೆ ಅಂತ ಅರ್ಥ. ನಾನು ದೇವರಾಯನದುರ್ಗದ ಮೇಲೆ ನಿಂತು ಹೀಗೆ ಸುತ್ತುವಾಗ ಕೋತಿಗಳ ಜೊತೆ ಜನರೂ ನಿಂತು ನೋಡುತ್ತಾರೆ, ಪರವಾಗಿಲ್ಲ. ನಿಮಗೆ ಶುರುವಿನಲ್ಲಿ ನೈಋತ್ಯ ಬರಬೇಕು, ಬೆಂಗಳೂರು ಇರುವುದು ಆ ಕಡೆ. ಆಮೇಲೆ ಗಾಳಿ ಎಳೆದ ಕಡೆ. ಮಳೆಗಾಲದಲ್ಲಿ ಇದು ಬಲು ಸೊಗಸು. ಕೆಳಗೆ ಪಡುವಣ ಗಾಳಿ, ಬಲೂನನ್ನು ಕೋಲಾರದ ಕಡೆಗೆ ತಳ್ಳುತ್ತದೆ. ಹದಿನಾಲ್ಕು ಹದಿನೈದು ಕಿಲೋಮೀಟರ್ ಮೇಲೆ ಮೂಡಣದಿಂದ ಬೀಸುವ ಜೋರು ಗಾಳಿ ಹಿಡಿದು ವಾಪಸ್ ನಮ್ಮ ತುಮಕೂರಿನ ಕಡೆಗೆ ಎಳೆದು ತರುತ್ತದೆ.

ಇನ್ನೊಂದು ಪರೀಕ್ಷೆ ಮನೆಯಲ್ಲಿ ಕೂತೇ ಮಾಡಬಹುದು. ಬಲೂನು ಅಳೆದದ್ದೆಲ್ಲ ಸಾರ್ವಜನಿಕ. ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದವರು ಎಲ್ಲ ದೇಶಗಳ ಬಲೂನಿನ ಲೆಕ್ಕ ಸೇರಿಸಿ ಇಟ್ಟಿದ್ದಾರೆ. ಬೆಂಗಳೂರಿನ ಸ್ಟೇಷನ್ ನಂಬರ್ 43295. ನಿಮಗೆ ಸಿಗ್ನಲ್ ಸಿಗದ ದಿನಗಳನ್ನು ಬರೆದಿಟ್ಟಿದ್ದರೆ ಆ ದಿನಗಳ ಪುಟ ತೆಗೆದು ನೋಡಿ. ಏನು ಕಾಣುತ್ತದೆ ಅಂತ ನಾನು ಹೇಳುವುದಿಲ್ಲ.

ಗಡಿಯಾರದ ವಿಷಯ ಬಂದಾಗ ನಿಮ್ಮ ಜಿಲ್ಲೆಯದೇ ಒಂದು ಮಾತು. ಗೌರಿಬಿದನೂರಿನಲ್ಲಿ 1976ರಿಂದ ರೇಡಿಯೋ ದೂರದರ್ಶಕ ಇದೆ. 34.5 ಮೆಗಾಹರ್ಟ್ಜ್‌ಗೆ ಅಂತ 1000 ಡೈಪೋಲ್‌ಗಳನ್ನು (ನಿಮ್ಮದರಂತೆ ಎರಡು ಕೋಲಿನ ಆಂಟೆನಾಗಳು) ಇಂಗ್ಲಿಷಿನ ಟಿ ಆಕಾರದಲ್ಲಿ ಹೂಡಿದ್ದರು. ಪೂರ್ವ ಪಶ್ಚಿಮ 1.4 ಕಿಲೋಮೀಟರ್ ಉದ್ದ. ನಮ್ಮ ಡಾಂಗಲ್‌ಗೂ ಅವರ ಆಂಟೆನಾಗಳಿಗೂ ಕಷ್ಟ ಒಂದೇ, ಬಂದದ್ದು ಆಕಾಶದ್ದೋ ನೆಲದ್ದೋ ಅನ್ನುವುದು. ಅಮೆರಿಕದ ಕಾರ್ಲ್ ಜಾನ್‌ಸ್ಕಿ 1930ರ ದಶಕದ ಶುರುವಿನಲ್ಲಿ ತನ್ನ ಆಂಟೆನಾದಲ್ಲಿ ಒಂದು ಸದ್ದು ಕೇಳಿದ. ಅದು ದಿನದಿಂದ ದಿನಕ್ಕೆ 4 ನಿಮಿಷ ಮುಂಚೆ ಬರುತ್ತಿತ್ತು. ಮನುಷ್ಯ ಮಾಡಿದ ಯಾವ ಯಂತ್ರವೂ ಹಾಗೆ ಬರುವುದಿಲ್ಲ, ನಕ್ಷತ್ರಗಳು ಮಾತ್ರ ಹಾಗೆ ಮೂಡುತ್ತವೆ. ನಮ್ಮ ಆಕಾಶಗಂಗೆಯಿಂದ ರೇಡಿಯೋ ಅಲೆ ಬರುತ್ತದೆ ಅಂತ ಗೊತ್ತಾದದ್ದು ಹಾಗೆ. ನಿಮ್ಮ 402 ತಿಂಗಳುಗಟ್ಟಲೆ ಅದೇ ಐದು ಗಂಟೆಗೆ ಬರುತ್ತಿದೆ ಅಂದರೆ ಕೈಗಡಿಯಾರ ಕಟ್ಟಿದವರ ಕೆಲಸವೇ.

630ರದ್ದು ನನಗೆ ಊಹೆ ಇದೆ. ಆದರೆ ಆ ವಿಷಯದಲ್ಲಿ ಕೋಲಾರದವರು ಪಳಗಿದ ಕೈ, ಅವರೇ ಹೇಳಲಿ.

ಕೋಲಾರ ಹ್ಯಾಮ್

ತಾತ ನನ್ನನ್ನು ಎಳೆದೇಬಿಟ್ಟರು.

ಮಾಳಿಗೆ ಸರ್, ನಿಮ್ಮ ಮನೆ ಹತ್ತಿರ ಮದುವೆ ಛತ್ರ ಇದೆಯಾ? ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಮದುವೆ ಇಲ್ಲ, ಛತ್ರಕ್ಕೆ ಬೀಗ. ನಿಮ್ಮದು ಕಾರ್ಡ್‌ಲೆಸ್ ಮೈಕ್. ಗುಂಯ್ ಅನ್ನುವುದು ಯಾರೋ ಆನ್ ಮಾಡಿ ಟೇಬಲ್ ಮೇಲೆ ಇಟ್ಟು ಮರೆತ ಮೈಕ್ ಇರಬಹುದು. ಗೋಡೆ ಕ್ಯಾಲೆಂಡರಿನಲ್ಲಿ ಮದುವೆ ಮುಹೂರ್ತದ ದಿನಗಳಿಗೆ ಗುರುತು ಹಾಕಿ ತಾಳೆ ನೋಡಿ. ಆಷಾಢದಲ್ಲಿ ಮತ್ತೆ ಮಾಯ ಆಗುತ್ತದೆ. ಇಂಥ ಮೈಕ್‌ಗಳು ಬ್ಯಾಟರಿ ಹಳೆಯದಾದ ಹಾಗೆ, ಬಿಸಿಯಾದ ಹಾಗೆ ಅಲ್ಲಿ ಇಲ್ಲಿ ಜಾರುತ್ತಲೂ ಇರುತ್ತವೆ.

ಇನ್ನು ಎಲ್ಲರಿಗೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಪೊಲೀಸ್, ರೈಲ್ವೆ, ಕಂಪನಿ ಸೆಕ್ಯೂರಿಟಿ ಇವರ ಫ್ರೀಕ್ವೆನ್ಸಿ ಹುಡುಕಿ ಇಲ್ಲಿ ಹಾಕಬೇಡಿ. ನಮ್ಮ ದೇಶದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದನ್ನೇ ಅಪರಾಧ ಅಂದಿತ್ತು. ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಅನುಮತಿ ಇಲ್ಲದೆ ಇನ್ನೊಬ್ಬರ ಸಂದೇಶ ಕದ್ದು ಕೇಳಿದರೆ ಮೂರು ವರ್ಷದವರೆಗೆ ಜೈಲು. ಅಮೆರಿಕದವರು ಯೂಟ್ಯೂಬಿನಲ್ಲಿ ಸ್ಕ್ಯಾನರ್ ಹಿಡಿದು ಪೊಲೀಸ್ ಮಾತು ಕೇಳಿಸುತ್ತಾರೆ, ಅದು ಅವರ ದೇಶದ ಕಾನೂನು. ನಮಗೆ ಬಲೂನು, ಉಪಗ್ರಹ, ಹ್ಯಾಮ್ (ಹವ್ಯಾಸಿ ರೇಡಿಯೋ), ಆಕಾಶವಾಣಿ ಇಷ್ಟೇ ಬೇಕಾದಷ್ಟಿದೆ.

ಜೊತೆಗೆ ಹ್ಯಾಮ್ ಪರೀಕ್ಷೆ ಬರೆದುಬಿಡಿ. ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಿಲ್ಲ, ವಿಯು3 ಅಂತ ಶುರುವಾಗುವ ಕರೆಹೆಸರು ಸಿಗುತ್ತದೆ. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಆಮೇಲೆ 144ರಿಂದ 146ರವರೆಗೆ ಕೇಳುವುದಷ್ಟೇ ಅಲ್ಲ, ಮಾತಾಡಬಹುದು. 145.800ರಲ್ಲಿ ಬಾಹ್ಯಾಕಾಶ ನಿಲ್ದಾಣದವರು ಶಾಲಾ ಮಕ್ಕಳ ಜೊತೆ ಮಾತಾಡುವುದು ನಿಮ್ಮ ಈಗಿನ ಆಂಟೆನಾದಲ್ಲೇ ಕೇಳುತ್ತದೆ. ಕೋಲು ಸುಮಾರು 50 ಸೆಂಟಿಮೀಟರ್‌ಗೆ ಎಳೆದುಕೊಳ್ಳಿ.

ಮಾಳಿಗೆಮೇಲೆ, ಚಿಂತಾಮಣಿ

ಎಲ್ಲರಿಗೂ ಥ್ಯಾಂಕ್ಸ್. ಒಂದೊಂದಾಗಿ ವರದಿ ಒಪ್ಪಿಸುತ್ತೇನೆ.

144 ಡಾಂಗಲ್‌ನದೇ. ಆಂಟೆನಾ ಕಳಚಿದರೂ ಜಪ್ಪಯ್ಯ ಅನ್ನಲಿಲ್ಲ. 403.2ರಲ್ಲೂ ಒಂದು ಬಡಕಲು ಗೆರೆ ಇದೆ.

ಛತ್ರ ಇದೆ ಸರ್, ನಮ್ಮ ಬೀದಿ ತಿರುವಿನಲ್ಲೇ. ಮುಹೂರ್ತದ ದಿನ ಆಂಟೆನಾವನ್ನು ಆ ಕಡೆಯ ಕಾಂಪೌಂಡಿಗೆ ತಂದು ಕಟ್ಟಿದೆ. ಗುಂಯ್ ಹೋಗಿ ನಾದಸ್ವರ ಬಂತು. ಪುರೋಹಿತರು ತೆಲುಗಿನಲ್ಲಿ ಯಾರನ್ನೋ ಬೇಗ ಬಾ ಅಂತ ಗದರುತ್ತಿದ್ದರು. ಆಫ್ ಮಾಡಿಬಿಟ್ಟೆ.

433.92ರಲ್ಲಿ ಒಳ್ಳೆ ತಮಾಷೆ ಆಯಿತು. ಸಂಜೆ ಪಕ್ಕದ ಮನೆ ಮೇಷ್ಟ್ರ ಕಾರು ಬಂದಾಗಲೆಲ್ಲ ಅದೇ ನಾಲ್ಕು ನಂಬರ್‌ಗಳು ಪರದೆ ಮೇಲೆ ಮೂಡುತ್ತಿದ್ದವು. ಮೂರು ಟಯರ್ 230 ಕಿಲೋಪಾಸ್ಕಲ್ ಆಸುಪಾಸು, ಒಂದು 190. ಲೆಕ್ಕ ಹಾಕಿದರೆ 33 ಪಿಎಸ್‌ಐ ಇರಬೇಕಾದ ಕಡೆ 27 ಚಿಲ್ಲರೆ. ಯಾವ ಟಯರ್ ಅಂತ ಅದು ಹೇಳುವುದಿಲ್ಲ. "ಮೇಷ್ಟ್ರೇ, ಯಾವುದೋ ಒಂದು ಟಯರಲ್ಲಿ ಗಾಳಿ ಕಮ್ಮಿ ಇದೆ, ನೋಡಿಸಿ" ಅಂದೆ. ಅವರು ನಾಲ್ಕನ್ನೂ ಕಾಲಲ್ಲಿ ಒದ್ದು ನೋಡಿ "ಎಲ್ಲ ಗಟ್ಟಿಯಾಗೇ ಇದೆಯಲ್ಲೋ" ಅಂದರು. ಪಂಕ್ಚರ್ ಅಂಗಡಿಯಲ್ಲಿ ಹಿಂದಿನ ಬಲಗಡೆಯದರಲ್ಲಿ ಮೊಳೆ ಸಿಕ್ಕಿತು. ಅವತ್ತಿನಿಂದ ನನ್ನನ್ನು ಒಂಥರಾ ನೋಡುತ್ತಾರೆ.

ಈಗ ಬಲೂನು. ತಾತ ಹೇಳಿದ ಹಾಗೆ ಕೋಲು ಇಳಿಸಿ ಎದೆಗಿಟ್ಟು ಸುತ್ತಿದೆ. ಶುರುವಿನಲ್ಲಿ ಕೈವಾರ ಬೆಟ್ಟಕ್ಕೆ ಬೆನ್ನು ಹಾಕಿ ನಿಂತಾಗ ಅತಿ ಕಡಿಮೆ, ಅಂದರೆ ಬೆಂಗಳೂರಿನ ಕಡೆಯೇ. ಬಿಸಿಲು ಬರುವ ಹೊತ್ತಿಗೆ ದಿಕ್ಕು ಬದಲಾಗಿತ್ತು. ಆಮೇಲೆ ಒಂದು ಹಂತದಲ್ಲಿ ಎತ್ತ ತಿರುಗಿದರೂ ಒಂದೇ ಥರ. ತಲೆ ಮೇಲೇ ಬಂತೋ ಏನೋ ಅಂತ ಕತ್ತೆತ್ತಿ ನೋಡಿದೆ, ಏನೂ ಕಾಣಲಿಲ್ಲ.

ವಯೋಮಿಂಗ್ ಪುಟ ತೆಗೆದಾಗ ಮಾತ್ರ ಮೈ ಜುಂ ಅಂತು. ಹಾಲಿನ ಲೆಕ್ಕದ ಪುಸ್ತಕದಲ್ಲೇ ಸಿಗ್ನಲ್ ಬಾರದ ದಿನಗಳಿಗೆ ಇಂಟು ಗುರುತು ಹಾಕಿದ್ದೆ. ಆ ದಿನಾಂಕಗಳಿಗೆ 43295ರ ಬೆಳಗಿನ ಲೆಕ್ಕ ಕೇಳಿದರೆ ಪುಟ ಖಾಲಿ. ಬಂದ ದಿನಗಳಿಗೆ ಉದ್ದದ ಪಟ್ಟಿ: ಎತ್ತರ, ಶಾಖ, ಗಾಳಿಯ ದಿಕ್ಕು. ಒಂದು ದಿನ ಸಿಗ್ನಲ್ ಅರ್ಧಕ್ಕೇ ನಿಂತಿತ್ತು. ಆ ದಿನದ ಪಟ್ಟಿಯೂ ಅರ್ಧಕ್ಕೇ ನಿಂತಿದೆ.

ಎರಡು ಪ್ರಶ್ನೆ ಉಳಿದಿವೆ. ಇದನ್ನು ಡಿಕೋಡ್ ಮಾಡಿ ಮ್ಯಾಪಿನಲ್ಲಿ ನೋಡಬಹುದಾ? ಬಿದ್ದ ಡಬ್ಬಿ ನಮ್ಮ ಕಡೆ ಎಲ್ಲಾದರೂ ಸಿಕ್ಕರೆ ಏನು ಮಾಡಬೇಕು?

ಬಂಗಾರಪೇಟೆ ಪ್ಯಾಸೆಂಜರ್

ಮಿಲಿಟರಿ ಮಾತು ವಾಪಸ್ ತಗೊಂಡೆ. ನಾನೂ ಒಂದು ಡಾಂಗಲ್ ಆರ್ಡರ್ ಹಾಕಿದ್ದೇನೆ. ಮನೆಯಲ್ಲಿ ಪೆನ್‌ಡ್ರೈವ್ ಅಂತ ಹೇಳಿದ್ದೇನೆ, ಯಾರೂ ಬಾಯಿ ಬಿಡಬೇಡಿ.

ಕ್ಯಾತ್ಸಂದ್ರ ತಾತ, ತುಮಕೂರು

ಅರ್ಧಕ್ಕೇ ನಿಂತ ಪಟ್ಟಿ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಬಿಡಿ.

ಡಿಕೋಡ್ ಮಾಡಬಹುದು, ಆದರೆ ಡಬ್ಬಿ ಯಾವ ಮಾದರಿಯದು ಅನ್ನುವುದರ ಮೇಲೆ ಹೋಗುತ್ತದೆ. ರೇಡಿಯೋಸಾಂಡ್ ಆಟೋ ಆರ್‌ಎಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ಅದಕ್ಕೆ ಗೊತ್ತಿರುವ ಮಾದರಿಯಾದರೆ ಎತ್ತರ, ಜಾಗ ಎಲ್ಲ ಬಿಡಿಸಿ ಹೇಳುತ್ತದೆ, ಸಾಂಡ್‌ಹಬ್ ಅನ್ನುವ ತಾಣದ ಮ್ಯಾಪಿಗೂ ಕಳಿಸುತ್ತದೆ. ಗೊತ್ತಿಲ್ಲದ ಮಾದರಿಯಾದರೆ ಬಾಯಿ ಬಿಡುವುದಿಲ್ಲ. ಆಗ ಸಿಗ್ನಲನ್ನು ರೆಕಾರ್ಡ್ ಮಾಡಿ, ಎಷ್ಟು ಅಗಲ ಇದೆ ಅಂತ ಅಳೆದು ಇಲ್ಲಿ ಹಾಕಿ, ಕೂತು ನೋಡೋಣ. ಆಂಟೆನಾದಿಂದ ಡಾಂಗಲ್‌ವರೆಗಿನ ವೈರ್ ಉದ್ದ ಇದ್ದರೆ ಡಾಂಗಲನ್ನೇ ಮಾಳಿಗೆಗೆ ಒಯ್ಯಿರಿ. 400ರ ಮೇಲೆ ಸಣ್ಣ ವೈರ್ ಸಿಗ್ನಲನ್ನು ಕುಡಿದುಬಿಡುತ್ತದೆ.

ಡಬ್ಬಿ ಸಿಕ್ಕರೆ ಹೆದರುವಂಥದ್ದು ಏನೂ ಇಲ್ಲ. ಥರ್ಮಾಕೋಲ್ ಅಥವಾ ಪ್ಲಾಸ್ಟಿಕ್ ಡಬ್ಬಿ, ಉದ್ದ ದಾರ, ಹರಿದ ರಬ್ಬರ್, ಒಮ್ಮೊಮ್ಮೆ ಸಣ್ಣ ಪ್ಯಾರಾಚೂಟ್. ಹಳ್ಳಿ ಕಡೆ ಹೊಲದಲ್ಲಿ ಬಿದ್ದಾಗ ಬಾಂಬ್ ಅಂತ ಹೆದರಿ ಪೊಲೀಸರಿಗೆ ಫೋನ್ ಮಾಡುವುದುಂಟು. ಮೇಲೆ ಚೀಟಿ ಅಂಟಿಸಿದ್ದರೆ ಅದರಲ್ಲಿ ಹೇಳಿದ ಹಾಗೆ ಮಾಡಿ. ಇಲ್ಲದಿದ್ದರೆ ಠಾಣೆಗೋ ಪಂಚಾಯ್ತಿಗೋ ತಿಳಿಸಿ. ಬ್ಯಾಟರಿಯನ್ನು ಮಕ್ಕಳ ಕೈಗೆ ಕೊಡಬೇಡಿ. ದಾರ ಹಸುವಿನ ಬಾಯಿಗೆ ಹೋಗದ ಹಾಗೆ ಸುತ್ತಿ ಎತ್ತಿಡಿ. ಕರೆಂಟ್ ತಂತಿ ಮೇಲೆ ನೇತಾಡುತ್ತಿದ್ದರೆ ಮಾತ್ರ ಕೋಲು ಹಾಕಿ ಎಳೆಯಲು ಹೋಗಬೇಡಿ, ಲೈನ್‌ಮನ್‌ಗೆ ಹೇಳಿ.